ಬಿಳಿ ಆನೆಯ ಆಯಸ್ಸು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ಹಲ್ಲು ಕಿತ್ತೆ, ಮಧ್ಯಾಹ್ನ ಒಂದಕ್ಕೆ ಕ್ಯಾಪ್ ಹಾಕಿದೆ. ಕ್ಲಿನಿಕ್‌ನಿಂದ ಬಂದು ಕಾರನ್ನು ಚಾರ್ಜಿಗೆ ಹಾಕಿ ಊಟಕ್ಕೆ ಕೂತರೆ ಇವರದು ಮತ್ತೆ ಅದೇ ರಾಗ.

"ಮುಂದಿನ ತಿಂಗಳಿಗೆ ಮೂರು ವರ್ಷ. ಈಗ ಮಾರಿದ್ರೆ ಮರ್ಯಾದೆ ರೇಟು ಸಿಗುತ್ತೆ. ಆಮೇಲೆ ಮೂಸಿ ನೋಡೋರೂ ಇರಲ್ಲ."

ಆಡಿಟರ್‌ನನ್ನು ಕಟ್ಟಿಕೊಂಡರೆ ಮನೆಯ ಪೊರಕೆಗೂ ಸವಕಳಿ ಲೆಕ್ಕ.

ಇಪ್ಪತ್ತು ವರ್ಷ ಕಂಡವರ ಬಾಯಿಗೆ ಬಗ್ಗಿ ಬಗ್ಗಿ ಬೆನ್ನು ಕೆಟ್ಟ ಮೇಲೆ, ನನ್ನ ದುಡ್ಡಲ್ಲಿ ನನಗೇ ಅಂತ ಕೊಂಡ ಕಾರು. ಎಲೆಕ್ಟ್ರಿಕ್. ಬೆನ್ನು ಒತ್ತುವ ಸೀಟು, ಗಾಜಿನ ಛಾವಣಿ, ಹತ್ತಿರ ಹೋದರೆ ತಾನೇ ಹೊರಗೆ ಬರುವ ಬಾಗಿಲ ಹಿಡಿ. ಬಣ್ಣ ಬಿಳಿ. ಇವರು ಇಟ್ಟ ಹೆಸರು ಬಿಳಿ ಆನೆ.

ನನಗೂ ಒಳಗೊಳಗೆ ಚಪಲ. ಹೊಸ ಮಾಡೆಲ್ ಒಂದೇ ಚಾರ್ಜಿಗೆ ಇದರ ಒಂದೂವರೆಪಟ್ಟು ಓಡುತ್ತದಂತೆ. ಹಾಗಂತ ಇದರ ಸ್ಟೀರಿಂಗ್ ಹಿಡಿದರೆ ಮಾರಲು ಮನಸ್ಸು ಬರುವುದಿಲ್ಲ...

ಮಾರ್ಚ್ 5, ಬುಧವಾರ

ಶೋರೂಮಿನವನ ಫೋನ್. ಹೆಸರು ನೆನಪಿರುವುದಿಲ್ಲ, ಮನೆಯಲ್ಲಿ ಅವನು ಜೇನುತುಪ್ಪ. "ಮೇಡಂ, ನಿಮ್ಮಂಥೋರಿಗೆ ಹಳೇ ಗಾಡಿ ಶೋಭೆನೇ ಅಲ್ಲ." ಇಪ್ಪತ್ಮೂರಕ್ಕೆ ಬಂದು ಬೆಲೆ ಕಟ್ಟುತ್ತಾನಂತೆ.

ಎದುರುಮನೆ ಇಂಜಿನಿಯರ್ ಕಾಂಪೌಂಡಿನ ಆಚೆಯಿಂದಲೇ ತೀರ್ಪು ಕೊಟ್ಟರು — "ಬ್ಯಾಟರಿ ವಾರಂಟಿ ಎಂಟು ವರ್ಷ. ಎಂಟು ತುಂಬೋವರೆಗೂ ಮುಟ್ಬೇಡಿ."

ಇವರದು ಮೂರು, ಅವರದು ಎಂಟು, ಜೇನುತುಪ್ಪನದು ಈ ಕ್ಷಣ. ಕಾರು ನನ್ನದು. ನನ್ನ ಬಳಿ ಮಾತ್ರ ಯಾವ ಸಂಖ್ಯೆಯೂ ಇಲ್ಲ.

ಮಾರ್ಚ್ 9, ಭಾನುವಾರ

ತಿಂಡಿ ಹೊತ್ತಿಗೆ ಬಾಂಬು. ಹಾಕಿದವರು ಅತ್ತೆ.

"ಮಾರೋದಾದ್ರೆ ಮಾರಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ನಾನೊಂದ್ಸಲ ಓಡಿಸ್ಬೇಕು."

ಇವರ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. ಅತ್ತೆಗೆ ಅರವತ್ತೇಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರು. ಕಾರಿನಲ್ಲಿ ಯಾವತ್ತೂ ಹಿಂದಿನ ಸೀಟು.

ಪಾತ್ರೆ ಒರೆಸುತ್ತಾ ನನಗೊಬ್ಬಳಿಗೆ ಹೇಳಿದರು. ಮದುವೆಯಾದ ಹೊಸತರಲ್ಲಿ ಕಲಿಯಲು ಕೂತಿದ್ದರಂತೆ. ಕ್ಲಚ್ ಬಿಡುವಾಗ ಗಾಡಿ ಎಗರಿ ನಡುರಸ್ತೆಯಲ್ಲಿ ನಿಂತಿತು. ಮಾವ ಜನರ ಮುಂದೆ ಕೂಗಾಡಿದರು. ಅತ್ತೆ ಇಳಿದು, ಬಾಗಿಲು ಹಾಕಿ, ನಡೆದು ಮನೆಗೆ ಬಂದರು. ಅಲ್ಲಿಗೆ ಮುಗಿಯಿತು.

"ಇದಕ್ಕೆ ಗೇರಿಲ್ಲ, ಕ್ಲಚ್ಚಿಲ್ಲ. ನನಗೇ ಅಂತ ಮಾಡಿದ ಹಾಗಿದೆ, ಅಲ್ವೇನಮ್ಮಾ?"

ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ಎಲ್ ಬೋರ್ಡಿಗೆ ಅರ್ಜಿ ಹಾಕಿದ್ದಾಯಿತು.

ಮಾರ್ಚ್ 16, ಭಾನುವಾರ

ಮುಚ್ಚಿದ ಫ್ಯಾಕ್ಟರಿಯ ಹಿಂದಿನ ಬಯಲು. ಅತ್ತೆ ಸೀಟು ಮುಂದಕ್ಕೆಳೆದು, ಕನ್ನಡಕ ಒರೆಸಿ, ಸ್ಟೀರಿಂಗಿಗೆ ಎರಡೂ ಕೈಯಲ್ಲಿ ನಮಸ್ಕಾರ ಮಾಡಿದರು. ಮೊದಲ ಸಲ ಒತ್ತಿದ್ದು ಸ್ವಲ್ಪ ಜಾಸ್ತಿ. ಆನೆ ಚಿರತೆ ಆಯಿತು! ನನ್ನ ಜೀವ ಬಾಯಿಗೆ.

ಅತ್ತೆಗೆ ಮಾತ್ರ ನಗು. "ಅಯ್ಯೋ, ಮುಟ್ಟಿದ್ರೆ ಸಾಕು ಓಡುತ್ತಲ್ಲೇ ಇದು!"

ತಿರುವು ಬಂದಾಗಲೆಲ್ಲ ಎಕ್ಸ್‌ಚೇಂಜಿನ ದನಿಯಲ್ಲಿ ವರದಿ — "ಎಡಗಡೆ ಲೈನ್ ಖಾಲಿ. ಬಲಗಡೆ ಲೈನ್ ಎಂಗೇಜ್, ಎಮ್ಮೆ ಇದೆ."

ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಮಾರ್ಚ್ 22, ಶನಿವಾರ

ಆಗಬಾರದ್ದು ಆಯಿತು. ಅತ್ತೆ ಗೇಟಿನ ಒಳಗೆ ತರುವಾಗ ಎಡಗಡೆಯ ಎರಡೂ ಬಾಗಿಲು ಕಂಬಕ್ಕೆ ಉಜ್ಜಿಕೊಂಡವು. ಕರ್‍ರ್‍ ಅಂತ ಸದ್ದು, ಹಲ್ಲು ಜುಮ್ಮೆನ್ನುವಂಥದ್ದು.

ಇವರು ಓಡಿ ಬಂದರು. "ನಾಳೆ ಬೆಲೆ ಕಟ್ಟೋಕೆ ಬರ್ತಾರೆ, ಇವತ್ತೇ ಆಗ್ಬೇಕಿತ್ತಾ? ಈ ವಯಸ್ಸಲ್ಲಿ ಯಾಕಮ್ಮಾ ನಿನಗೆ ಈ ಉಸಾಬರಿ?"

ಪಕ್ಕದ ಮನೆಯವರು ಬಾಲ್ಕನಿಯಿಂದ ನೋಡುತ್ತಿದ್ದರು. ಅತ್ತೆ ಇಳಿದರು, ಬಾಗಿಲು ಮೆಲ್ಲಗೆ ಹಾಕಿದರು, ಕೀ ಮೇಜಿನ ಮೇಲಿಟ್ಟು ತಮ್ಮ ರೂಮಿಗೆ ಹೋದರು.

ಮಾರ್ಚ್ 23, ಭಾನುವಾರ

ಜೇನುತುಪ್ಪ ಬಂದ. ಗೀರು ನೋಡಿದ್ದೇ ಬೇವಿನ ಕಷಾಯ ಕುಡಿದ ಮುಖ. ರೇಟು ಇಳಿಸಿದ. ಇವರು "ಆಗಲಿ, ಕೊಟ್ಬಿಡೋಣ" ಅಂತ ನನ್ನ ಕಡೆ ನೋಡಿದರು. ಏಪ್ರಿಲ್ ಹದಿನೈದಕ್ಕೆ ಹೇಳುತ್ತೇನೆ ಅಂದೆ. ಯಾಕೆ ಹಾಗಂದೆನೋ.

ಎಲ್ ಬೋರ್ಡನ್ನು ಅತ್ತೆಯೇ ಕಿತ್ತಿಟ್ಟಿದ್ದಾರೆ. ಸಂಜೆ ಕರೆದೆ — ಬನ್ನಿ, ಒಂದು ರೌಂಡ್.

"ಬೇಡಮ್ಮಾ. ಆವತ್ತು ಅವರು, ಇವತ್ತು ಮಗ. ಒಂದು ಜನ್ಮಕ್ಕೆ ಅಷ್ಟು ಸಾಕು."

ಇವರಿಗೆ ಹಳೆಯ ಕಥೆ ಹೇಳಿದೆ. ಗೊತ್ತೇ ಇರಲಿಲ್ಲವಂತೆ. ಟಿವಿ ಆಫ್ ಮಾಡಿದರು. ಅಮ್ಮನ ರೂಮಿನ ಬಾಗಿಲವರೆಗೆ ಹೋದರು, ವಾಪಸ್ ಬಂದರು. ಗಂಡಸರಿಗೆ ಕ್ಷಮಿಸು ಅನ್ನುವ ಪದ ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಏಪ್ರಿಲ್ 10, ಗುರುವಾರ

ಎಡಗೈ ಬರಹ. ಕಾಗೆ ಕಾಲು ಗುಬ್ಬಿ ಕಾಲು.

ಬೆಳಿಗ್ಗೆ ಬಚ್ಚಲಲ್ಲಿ ಜಾರಿದೆ. ಬಲಗೈ ಮಣಿಕಟ್ಟು. ಇವರು ಆಡಿಟ್ ಅಂತ ಪರ ಊರಲ್ಲಿ. ಟ್ಯಾಕ್ಸಿ ಆ್ಯಪ್‌ನಲ್ಲಿ ಚಕ್ರ ತಿರುಗುತ್ತಲೇ ಇದೆ, ಬರುವವರಿಲ್ಲ. ಕೈ ನೋಡನೋಡುತ್ತಾ ಊದಿಕೊಂಡಿತು. ಹಲ್ಲಿನ ಡಾಕ್ಟರ ಬಲಗೈ!

ಅತ್ತೆ ನನ್ನನ್ನು ನೋಡಿದರು. ಕೀ ನೋಡಿದರು. "ಏಳು."

ಅವಸರದಲ್ಲೂ ಡ್ರಾಯರಿನಿಂದ ಎಲ್ ಬೋರ್ಡ್ ತೆಗೆದು ನೆಟ್ಟಗೆ ಅಂಟಿಸಿದ್ದು ನೋಡಿ, ಈ ಜನ್ಮದಲ್ಲಿ ಆಸ್ಪತ್ರೆ ಸೇರುತ್ತೇನೋ ಇಲ್ಲವೋ ಅನ್ನಿಸಿತು.

ಆಮೆಯೂ ಹಿಂದೆ ಹಾಕುವ ವೇಗ. ಹಿಂದೆ ಹಾರ್ನುಗಳ ಮೆರವಣಿಗೆ. ನನ್ನ ಮುಖ ನೋಡಿ ಅಂದರು, "ಹೊಡ್ಕೊಳ್ಳಲಿ ಬಿಡು. ಒಂದೇ ಹೊತ್ತಿಗೆ ಊರೆಲ್ಲ ಹಲೋ ಹಲೋ ಅಂತ ಕಿರುಚಿದ್ದನ್ನ ಕೇಳಿದ ಕಿವಿ ಇದು."

ದೊಡ್ಡ ಸರ್ಕಲ್‌ನಲ್ಲಿ ಹೊರಗೆ ನುಗ್ಗಲು ಸಂದೇ ಸಿಗಲಿಲ್ಲ. ಒಂದು ಸುತ್ತು. ಇನ್ನೊಂದು. ಟ್ರಾಫಿಕ್ ಪೊಲೀಸಿನವನು ಮೊದಲು ಗದರಿಸಿದ, ಎರಡನೇ ಸಲ ಬೆರಗಾದ, ಮೂರನೇ ಸಲ ಎಲ್ಲರನ್ನೂ ನಿಲ್ಲಿಸಿ ಸೆಲ್ಯೂಟ್ ಹೊಡೆದು ದಾರಿ ಬಿಟ್ಟ. ನೋವಿನಲ್ಲೂ ನಕ್ಕು ನಕ್ಕು ಕಣ್ಣಲ್ಲಿ ನೀರು.

ಮೂಳೆ ಸಣ್ಣಗೆ ಬಿರುಕು. ಒಂದು ತಿಂಗಳು ಪ್ಲಾಸ್ಟರ್.

ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ ಅತ್ತೆ ಎಲ್ ಬೋರ್ಡ್ ಕೀಳಲಿಲ್ಲ, ಹಾಗೇ ಬಿಟ್ಟರು.

ಏಪ್ರಿಲ್ 12, ಶನಿವಾರ

ಇವರು ಬಂದರು. ನನ್ನ ಪ್ಲಾಸ್ಟರ್ ನೋಡಿದರು. ಹೊರಗೆ ಹೋಗಿ ಕಾರಿನ ಪಕ್ಕ ಬಹಳ ಹೊತ್ತು ನಿಂತರು. ಊಟದ ಹೊತ್ತಿಗೆ ತಟ್ಟೆ ನೋಡುತ್ತಾ —

"ಅಮ್ಮಾ, ಕೈ ಆಡದಿದ್ರೂ ಇವಳು ಕ್ಲಿನಿಕ್ ತೆರೀಬೇಕಂತೆ, ಸೋಮವಾರ ಯಾರು ಬಿಡ್ತಾರೆ?"

"ನಾನು."

"ನಾನೂ ಹಿಂದೆ ಕೂರ್ಲಾ?"

"ಬಾಯಿ ಮುಚ್ಕೊಂಡು ಕೂರೋದಾದ್ರೆ."

"ಅವತ್ತು ನಾನು ಹಾಗೆ ಕೂಗಾಡಬಾರದಿತ್ತಮ್ಮಾ."

ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಅಷ್ಟೇ. ರಾಜಿ ಆಯಿತು.

ಏಪ್ರಿಲ್ 15, ಮಂಗಳವಾರ

ಸರ್ವಿಸ್ ಸೆಂಟರ್. ಬ್ಯಾಟರಿ ತಪಾಸಣೆ ಇವರದೇ ಐಡಿಯಾ, ನಾವು ಮೂವರೂ ಹೋದೆವು. ಮೂರು ವರ್ಷಕ್ಕೆ ಸವೆದದ್ದು ತೀರಾ ಕಡಿಮೆಯಂತೆ. ಆಡಿಟರ್ ಸಾಹೇಬರ ಸವಕಳಿಯ ಮುಖ ನೋಡಬೇಕಿತ್ತು.

"ಓಡಿಸಿದ್ರೆ ಏನಾಗಲ್ಲ. ಯಾವಾಗಲೂ ಫುಲ್ ಚಾರ್ಜ್ ಮಾಡಿ ಸುಮ್ನೆ ನಿಲ್ಲಿಸಿದ್ರೆ ಬೇಗ ವಯಸ್ಸಾಗುತ್ತೆ" ಅಂದ ಮೆಕ್ಯಾನಿಕ್.

ಅತ್ತೆ ಮಗನ ಹೊಟ್ಟೆ ನೋಡಿದರು. "ಕೇಳಿಸ್ಕೊಂಡ್ಯೇನೋ?"

ಜೇನುತುಪ್ಪನ ಫೋನ್ ಬಂತು. ಇನ್ನೊಂದು ತಿಂಗಳು ತಡಿಯಪ್ಪಾ ಅಂದೆ. ಅತ್ತೆಯ ಟೆಸ್ಟ್ ಆಗಲಿ. ಗೆದ್ದರೆ ಇಟ್ಟುಕೊಳ್ಳುವುದು, ಸೋತರೆ ಕೊಡುವುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ. ಅವರಿಗೆ ಹೇಳಿಲ್ಲ. ಹೇಳಿದರೆ ಆ ಭಾರಕ್ಕೇ ಬ್ರೇಕ್ ಮರೆತಾರು.

ಮೇ 5, ಸೋಮವಾರ

ಟೆಸ್ಟ್. ಇನ್ಸ್‌ಪೆಕ್ಟರ್ ಕಾರು ನೋಡಿ ಹುಬ್ಬು ಗಂಟಿಕ್ಕಿದ. "ಕ್ಯಾಮೆರಾ ನೋಡೋ ಹಾಗಿಲ್ಲ. ಕನ್ನಡಿ ನೋಡ್ಕೊಂಡೇ ರಿವರ್ಸ್ ತಗೋಬೇಕು." ಪರದೆಯ ಮೇಲೆ ಕರವಸ್ತ್ರ ಹೊದಿಸಿದ.

ಮೊದಲ ಸಲ ಹಿಂದಿನ ಚಕ್ರ ಗೆರೆ ದಾಟಿತು. ನಾನು ಬೇಲಿ ಹಿಡಿದು ನಿಂತಿದ್ದೆ. ಇವರು ಏನೋ ಕೂಗಲು ಬಾಯಿ ತೆರೆದು, ಕೈಯಿಂದಲೇ ಮುಚ್ಚಿಕೊಂಡರು. "ಇನ್ನೊಂದೇ ಚಾನ್ಸ್" ಅಂದ ಇನ್ಸ್‌ಪೆಕ್ಟರ್. ಅತ್ತೆ ಮುಂದೆ ಬಂದರು. ಎಡಗನ್ನಡಿ, ಬಲಗನ್ನಡಿ, ತುಟಿ ಅಲ್ಲಾಡುತ್ತಿತ್ತು — ಲೈನ್ ಖಾಲಿ ಅಂತಿದ್ದರೇನೋ. ಆನೆ ಮೆಲ್ಲಗೆ ಹಿಂದೆ ಸರಿದು ಗೆರೆಗಳ ನಡುವೆ ಮಗುವಿನಂತೆ ಮಲಗಿತು.

ಸಹಿ ಹಾಕುತ್ತಾ ಅವನು ಕೇಳಿದ, "ಈ ವಯಸ್ಸಲ್ಲಿ ಎಲ್ಲಿಗಮ್ಮಾ ಹೋಗ್ಬೇಕು?"

"ಎಲ್ಲಿಗೆ ಅಂತ ಗೊತ್ತಿದ್ರೆ ಬಸ್ಸಿಗೇ ಹೋಗ್ತಿದ್ದೆನಲ್ಲಪ್ಪಾ."

ಮೇ 6, ಮಂಗಳವಾರ

ಜೇನುತುಪ್ಪನಿಗೆ ಇವರೇ ಫೋನ್ ಮಾಡಿದರು. ಸ್ಪೀಕರ್ ಹಾಕಿ.

"ಕೊಡೋದಿಲ್ಲ ಕಣಪ್ಪಾ."

"ಹಾಗಾದ್ರೆ ಎಷ್ಟು ವರ್ಷ ಇಟ್ಕೊಳ್ತೀರಾ ಸಾರ್?"

"ಅಮ್ಮನ ಲೈಸೆನ್ಸ್ ಐದು ವರ್ಷಕ್ಕಿದೆ. ಅಷ್ಟಂತೂ ಗ್ಯಾರಂಟಿ. ಆಮೇಲೆ ಅವಳು ರಿನ್ಯೂ ಮಾಡಿಸ್ಕೊಂಡ್ರೆ ನನ್ನ ಕೈಲಿಲ್ಲ."

ನನ್ನ ಕಾರು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಹೊಸ ಮಾಡೆಲ್ಲಿನ ಚಪಲ ಎಲ್ಲಿ ಹೋಯಿತೋ ಕಾಣೆ.

ಮೇ 18, ಭಾನುವಾರ, ಸಂಜೆ

ಬಲಗೈ ಬರಹ, ಕೊನೆಗೂ!

ಮಧ್ಯಾಹ್ನ ಅತ್ತೆ ಮೊದಲ ಸಲ ಒಬ್ಬರೇ ಹೋದರು. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿ ಊರಿನ ಆ ತುದಿ. ಮಂಡಿ ನೋವು, ಮನೆಯಿಂದ ಹೊರಗೆ ಬಂದೇ ವರ್ಷವಾಗಿದೆ. ನೋಡಿಕೊಂಡು ನಾಲ್ಕಕ್ಕೆ ಬರುತ್ತೇನೆ ಅಂದಿದ್ದರು.

ಐದಾಯಿತು. ಫೋನ್ ಎತ್ತುತ್ತಿಲ್ಲ. ಡ್ರೈವ್ ಮಾಡುವಾಗ ಎತ್ತಬೇಡಿ ಅಂತ ನಾನೇ ಹೇಳಿಕೊಟ್ಟದ್ದು. ಇವರು ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ. "ಸರ್ಕಲ್‌ನಲ್ಲಿ ಇನ್ನೂ ಸುತ್ತಾ ಇದ್ದಾಳೇನೋ" ಅಂತ ನಗಲು ನೋಡಿದರು, ನಗು ಬರಲಿಲ್ಲ. ನಾನೂ ಕೂರಲಾಗದೆ ಇದನ್ನು ಬರೆಯುತ್ತಾ...

ಬಂತು! ಕಿಟಕಿಯಿಂದ ನೋಡುತ್ತಿದ್ದೇನೆ. ಗೆಳತಿ ಮುಂದೆ ಕೂತಿದ್ದಾರೆ. ಹಿಂದೆ ಇನ್ನೂ ಇಬ್ಬರು. ಎಲ್ಲರೂ ಬೆಳ್ಳಿ ತಲೆ, ನಾಲ್ವರೂ ಒಟ್ಟಿಗೇ ಮಾತು. ಎಕ್ಸ್‌ಚೇಂಜನ್ನೇ ಹೊತ್ತು ತಂದಿದ್ದಾರೆ. ಇಳಿಯುವ ಲಕ್ಷಣ ಇಲ್ಲ.

"ಏನಮ್ಮಾ, ಬಾ! ಹಿಂದೆ ಒಂದು ಜಾಗ ಇದೆ! ಕೆರೆ ಏರಿ ಮೇಲೆ ಹೋಗ್ತಿದ್ದೀವಿ!"

ಇವರು "ಮತ್ತೆ ನಾನು?" ಅಂತ ಕೇಳುತ್ತಿದ್ದಾರೆ, ಪಾಪ.

ಹಾರ್ನ್. ಮತ್ತೆ ಹಾರ್ನ್. ಬಂದೆ ಅತ್ತೆ, ಒಂದೇ ನಿಮಿಷ, ಚಪ್ಪಲಿ ಎಲ್ಲಿ