ಗಾಜಿಗಂಟಿಸಿದ ಚೀಟಿ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ನನ್ನ ಸಿಟ್ಟು ಕೇಳು. ಅಂಚೆಯವನು ಓದಿದರೂ ಓದಲಿ.

ಇಲ್ಲಿ ಕಾಯಂ ಆಗಿ ನೆಲೆಸಲು ಪರವಾನಗಿ ಬೇಕಾದರೆ ನಮ್ಮ ಹೊಲಿಗೆ ಅಂಗಡಿಯ ಯಜಮಾನ ನನಗೆ ಕಾಯಂ ಕೆಲಸ ಕೊಡಬೇಕು. ಅದಕ್ಕೂ ಮೊದಲು, ನಾನೀಗ ಮಾಡುತ್ತಿರುವ ಈ ಕೆಲಸಕ್ಕೆ ಈ ದೇಶದವರು ಯಾರೂ ಸಿಗಲಿಲ್ಲವೆಂದು ತೋರಿಸಬೇಕಂತೆ. "ಟೈಲರ್ ಬೇಕಾಗಿದ್ದಾರೆ" ಎಂಬ ಚೀಟಿಯನ್ನು ಅಂಗಡಿಯ ಗಾಜಿಗೆ ನನ್ನ ಕೈಯಲ್ಲೇ ಹಚ್ಚಿಸಿದ! ಅದರ ಹಿಂದೆಯೇ ಕೂತು ಹೊಲಿದೆ.

"ಪಾಪ, ಇವಳನ್ನ ತೆಗೀತಿದೀರಾ?" ಎಂದು ಗಿರಾಕಿಗಳು ಕೇಳಿದರೆ, "ನೋಡೋಣ, ಇನ್ನೂ ಚೆನ್ನಾಗಿ ಹೊಲಿಯೋರು ಸಿಕ್ರೆ" ಎಂದು ಹಲ್ಲು ಕಿರಿಯುತ್ತಿದ್ದ. ಚೀಟಿ ನೋಡಿ ಒಬ್ಬಳು ಬಂದು ನನ್ನ ಕುರ್ಚಿಯಲ್ಲೇ ಕೂತು ಹೊಲಿದು ತೋರಿಸಿದಳು. ಪುಣ್ಯಕ್ಕೆ ಎಡತೋಳನ್ನು ಬಲಕ್ಕೆ ಕೂರಿಸಿದಳು.

ನಿನ್ನೆ ಪರವಾನಗಿ ಕೈಗೆ ಬಂತು. ಸೊಂಟನೋವೂ ಈಗ ಪರವಾಗಿಲ್ಲ.

"ಆ ಚೀಟಿ ಹರಿದು ಬಿಸಾಕಮ್ಮ" ಎಂದ ಯಜಮಾನ. ಹರಿಯಲಿಲ್ಲ, ಮಡಿಚಿ ಇಟ್ಟುಕೊಂಡಿದ್ದೇನೆ. ಇವನ ಕೆಲಸ ಬಿಡುವ ದಿನ ನಾನೇ ಅಂಟಿಸಿ ಹೊರಡುತ್ತೇನೆ.

ನಿನ್ನ ತಂಗಿ