ಪೈಪ್ ತೆಗೆಸಿಯಾಯಿತು

ಕೋಟ
೧೨ ನವೆಂಬರ್ ೨೦೨೪

ಪ್ರೀತಿಯ ರಮಿತಾ,

ನಿನಗೊಂದು ಮುದ್ದು, ಹೊಟ್ಟೆಯೊಳಗೆ ಕುಳಿತು ನಿನ್ನನ್ನು ಒದೆಯುತ್ತಿರುವ ಪೋಕರಿಗೆ ಇನ್ನೊಂದು.

ಕಾಗದ ಕಂಡು ಗಾಬರಿಯಾಗಬೇಡ. ಪಕ್ಕದ ಮನೆ ಸೀತು ಇದ್ದಾಳಲ್ಲ, ಅವಳ ಮಗ ರವಿರಾಜ್ ಇವತ್ತು ಸಂಜೆಯ ಬಸ್ಸಿಗೆ ಮುಂಬೈಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ನೀನು ಆಸೆಪಟ್ಟ ಒಣ ಸಿಗಡಿ ಚಟ್ನಿ ಎಲ್ಲ ಕಳಿಸುತ್ತಿದ್ದೇನೆ. ಅದರ ಜೊತೆ ನಾಲ್ಕು ಮಾತೂ ಬರಲಿ ಎಂದು ಬರೆಯಲು ಕುಳಿತೆ. ಫೋನಿನಲ್ಲಾದರೆ ನೀನು ನನಗೆ ಬಾಯಿ ಬಿಡಲಿಕ್ಕೆ ಎಲ್ಲಿ ಕೊಡುತ್ತೀ, ಪೊಲೀಸರ ಹಾಗೆ ಒಂದರ ಮೇಲೊಂದು ಪ್ರಶ್ನೆ. ವಿಡಿಯೋ ಕಾಲ್ ಮಾಡು ಎಂದು ಮಾತ್ರ ಹಟ ಹಿಡಿಯಬೇಡ ಮಾರಾಯ್ತಿ. ನನ್ನ ಫೋನಿನ ಕ್ಯಾಮೆರಾ ಹಾಳಾಗಿದೆ.

ಮೊನ್ನೆ ಕೇಳಿದೆಯಲ್ಲ, ಡಾಕ್ಟರು ಹೇಳಿದ ಪೈಪ್ ತೆಗೆಸಿಯಾಯಿತಾ ಎಂದು. ಆಯಿತು, ಯಾವಾಗಲೋ ಆಯಿತು. ನೀನು ಆಗ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ, ಹಾಗಾಗಿ ನಿನಗೆ ಎಲ್ಲ ಸರಿಯಾಗಿ ಗೊತ್ತಿಲ್ಲ. ಮೊದಲಿಂದ ಹೇಳುತ್ತೇನೆ, ಕೇಳು.

ಜೂನ್‌ನಲ್ಲಿ ಕಲ್ಲಿನ ಸಮೇತ ಪಿತ್ತಕೋಶ ತೆಗೆದರು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿ, ಉಸಿರು ಬಿಡಲಿಕ್ಕೂ ನೋವು. ಒಳಗೆ ಪಿತ್ತ ಸೋರುತ್ತಿದೆ ಎಂದರು. ಪಕ್ಕೆಗೆ ತೂತು ಮಾಡಿ ಪೈಪ್ ಇಟ್ಟು, ಅದರ ತುದಿಗೆ ಚೀಲ ಕಟ್ಟಿದರು. ಹಸಿರು ನೀರು ಬಂದದ್ದೇ ಬಂದದ್ದು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು ಕತ್ತರಿ ಮುಟ್ಟಲಿಲ್ಲ. ಬಾಯಿಯಿಂದ ಕ್ಯಾಮೆರಾ ಇಳಿಸಿ, ಪಿತ್ತ ಹೋಗುವ ನಾಳದೊಳಗೆ ಸ್ಟೆಂಟ್ ಎಂಬುದೊಂದನ್ನು ಕೂರಿಸಿದರು. ನನಗೆ ನಿದ್ದೆಯ ಮದ್ದು ಕೊಟ್ಟಿದ್ದರು, ಎಚ್ಚರಾಗುವಾಗ ಗಂಟಲು ಕೆರೆದ ಹಾಗಿತ್ತು, ಅಷ್ಟೇ. ಸೋರುವುದು ನಿಂತಿತು. ಆ ಡಾಕ್ಟರು ಪುಣ್ಯಾತ್ಮರು, ಅದರಲ್ಲಿ ಎರಡು ಮಾತಿಲ್ಲ.

ಮನೆಗೆ ಕಳಿಸುವಾಗ ಅವರು ಒತ್ತಿ ಹೇಳಿದ್ದು ಒಂದೇ ಮಾತು: ಮೂರು ತಿಂಗಳೊಳಗೆ ಬಂದು ಪೈಪ್ ತೆಗೆಸಿಕೊಳ್ಳಿ, ಮರೆತು ಕೂತರೆ ಅಪಾಯ. ನನಗೆ ಒಳಗೊಳಗೇ ನಗು. ಪಕ್ಕೆಯಲ್ಲಿ ನೇತಾಡುವ ಪೈಪನ್ನು ಯಾರಾದರೂ ಮರೆಯುತ್ತಾರಾ? ಅದನ್ನು ಎಳೆದು ತೆಗೆಯಲು ಅಷ್ಟು ದೂರ ಯಾಕೆ ಹೋಗುವುದು ಎಂದು, ಚೀಲಕ್ಕೆ ಏನೂ ಬಾರದೆ ಒಣಗಿದ ಮೇಲೆ ಇಲ್ಲೇ ನಮ್ಮ ಕೋಟದ ಡಾಕ್ಟರ ಹತ್ತಿರ ತೆಗೆಸಿದೆ. ಚಿಟಿಕೆ ಹೊಡೆಯುವುದರೊಳಗೆ ಕೆಲಸ ಮುಗಿಯಿತು. ನಿನ್ನ ದೇವಪ್ಪ ಮಾವನ ಅಂಗಡಿಯಲ್ಲಿ ಕುಳಿತು ದಿನಾ ಊರಿಗೆಲ್ಲ ಪೈಪ್ ಮಾರುವವಳು ನಾನು, ಪೈಪ್ ಅಂದರೆ ಯಾವುದು ಎಂದು ನನಗೆ ಪಾಠ ಬೇಡ.

ಸ್ಟೆಂಟಿನ ಚಿಂತೆ ನಿನಗೆ ಬೇಡ. ಅದು ದೇವಪ್ಪ ಮಾವನ ಹೃದಯಕ್ಕೆ ಹಾಕಿದ್ದಾರಲ್ಲ, ಅಂಥದ್ದು. ಒಮ್ಮೆ ಹಾಕಿದರೆ ಸಾಯುವವರೆಗೆ ಒಳಗೇ ಇರುತ್ತದೆ. ಮಾವನೂ ಅದನ್ನೇ ಹೇಳಿದ: "ಅದ್ನ ಯಾರೂ ತೆಗುದಿಲ್ಲ, ನಂದ್ ಕಾಣ್, ಏಳ್ ವರ್ಷ ಆಯ್ತ್."

ಈಗ ಆರಾಮ ಇದ್ದೇನೆ. ಮೈ ಸ್ವಲ್ಪ ತುರಿಸುತ್ತದೆ, ಸೆಕೆಗೆ ಇರಬೇಕು. ಊಟ ಸೇರುವುದಿಲ್ಲ, ಪಿತ್ತ ಎಂದು ಕಾಣುತ್ತದೆ. ಪಿತ್ತಕೋಶವೇ ಇಲ್ಲದವಳಿಗೆ ಎಲ್ಲಿಯ ಪಿತ್ತ ಎಂದು ನಗಬೇಡ. ಮೊನ್ನೆ ಸೀತು ದಾರಿಯಲ್ಲೇ ನಿಲ್ಲಿಸಿ, "ಹ್ವಾಯ್ ಬೇಬಕ್ಕ, ನಿಮ್ಮ್ ಕಣ್ಣ್ ಎಂತ, ಅರ್ಶಿನ ಹಚ್ದಂಗ್ ಇತ್ತಲೆ?" ಎಂದಳು. ಹಳದಿ ಸೀರೆ ಉಟ್ಟಿದ್ದೆ, ಅದರ ಬಣ್ಣ ಹೊಡೆದಿರಬೇಕು. ಅವಳ ಬಾಯಿ ಮುಚ್ಚಿಸಲು ಹಟ್ಟಿಯಂಗಡಿ ಕಡೆಯ ಮದ್ದಿನ ನಾಗಣ್ಣನ ಹತ್ತಿರ ಹೋಗಿ ಹಸಿರು ಮದ್ದು ತಂದೆ. ಬೆಳಿಗ್ಗೆ ಹಾಲಿನಲ್ಲಿ ಕುಡಿಯುವುದು. ಉಪ್ಪು, ಎಣ್ಣೆ, ಮೀನು ಯಾವುದೂ ಆಗದು, ಇಂಗ್ಲಿಷ್ ಮದ್ದನ್ನಂತೂ ಮುಟ್ಟಲೇಬಾರದು. ಬಂಗುಡೆ ಸಾರಿನ ವಾಸನೆ ಬಂದರೆ ಅಳು ಬರುತ್ತದೆ ನೋಡು.

ನೀನು ಮಾತ್ರ ಹೊರಡುತ್ತೇನೆ ಎನ್ನಬೇಡ. ಕಳೆದ ಸಲ ಐದನೇ ತಿಂಗಳಲ್ಲಿ ಕಳೆದುಕೊಂಡದ್ದು ಸಾಕು. ಆ ದಿನ ಫೋನಿನಲ್ಲಿ ನೀನು ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಈ ಸಲ ಡಾಕ್ಟರು ಮಲಗು ಎಂದರೆ ಮಲಗು, ಅಲ್ಲಾಡಬೇಡ. ಹೆರಿಗೆಗೆ ನಾನೇ ಬರುತ್ತೇನೆ. ಬಾಣಂತಿಗೆ ಬೇಕಾದ ಎಣ್ಣೆ ಕಾಯಿಸಿ ಇಟ್ಟಾಗಿದೆ. ಮಗುವಿಗೆ ಮೊದಲ ಸ್ನಾನ ನಾನೇ ಮಾಡಿಸಬೇಕು, ನಿನ್ನ ಅತ್ತೆಗೆ ಈಗಲೇ ಹೇಳಿಡು.

ಜೋಪಾನ ಮಗಾ.

ನಿನ್ನ ಅಮ್ಮ,
ಬೇಬಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ದೊಡ್ಡ ಆಸ್ಪತ್ರೆಯಿಂದ ಫೋನ್ ಬಂತು. ಸಣ್ಣ ಪ್ರಾಯದ ಹುಡುಗಿ, ನಮ್ಮ ಕಡೆಯವಳೇ. "ಅಮ್ಮಾ, ನೀವ್ ಮತ್ತ್ ಬರ್ಲೇ ಇಲ್ಲ. ಪೈಪ್ ತೆಗ್ಸಿರ್ಯಾ?" ಎಂದು ಕೇಳಿದಳು. "ತೆಗ್ಸಿಯಾಯ್ತ್ ಹೆಣೆ, ಕೋಟದಗೇ" ಎಂದೆ. ಕಣ್ಣು ಹಳದಿ, ಜ್ವರ, ನಡುಕ ಎಂಥದ್ದಾದರೂ ಇದೆಯಾ ಎಂದಳು. ಇಲ್ಲ ಎಂದೆ. ಹೇಳಿದರೆ ಮತ್ತೆ ಮಲಗಿಸುತ್ತಾರೆ, ನಿನ್ನ ಕಿವಿಗೆ ಬೀಳುತ್ತದೆ, ನೀನು ಹೊಟ್ಟೆ ಹೊತ್ತು ಓಡಿ ಬರುತ್ತೀ. ಮೂರೂ ಇದೆ ರಮಿತಾ. ನಿನ್ನೆ ಸಂಜೆ ನಡುಕಕ್ಕೆ ಮಂಚವೇ ಅಲುಗಾಡಿತು, ಮಾವ ಎರಡು ಕಂಬಳಿ ಹೊದೆಸಿ ಮೇಲಿಂದ ಒತ್ತಿ ಹಿಡಿದುಕೊಂಡ. ನನಗೆ ಹೆದರಿಕೆಯಾಗುತ್ತಿದೆ. ಬರೆಯಬಾರದು ಎಂದೇ ಇದ್ದೆ, ಕೈ ಕೇಳಲಿಲ್ಲ. ನಾಗಣ್ಣನ ಮದ್ದು ಹಿಡಿಯುವವರೆಗೆ ಹೀಗೇ ಅಂತೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆ ಹುಡುಗಿ ಒಂದು ತಮಾಷೆ ಮಾಡಿದಳು, ಕೇಳು. ಫೋನ್ ಇಡುವ ಮೊದಲು, ಪೈಪನ್ನು ಬಾಯಿಯಿಂದಲೇ ತೆಗೆದದ್ದಲ್ಲವಾ ಎಂದಳು. ಪಕ್ಕೆಯ ಪೈಪನ್ನು ಯಾರಾದರೂ ಬಾಯಿಯಿಂದ ತೆಗೆಯುತ್ತಾರಾ! ವಾದ ಯಾಕೆ ಎಂದು ಹೌದು ಹೌದು ಎಂದೆ. ಹಾಗಾದರೆ ಪೈಪ್ ತೆಗೆಸಲು ಬಾಕಿ ಇರುವವರ ಪಟ್ಟಿಯಿಂದ ನಿಮ್ಮ ಹೆಸರು ತೆಗೆದುಬಿಡುತ್ತೇನೆ ಎಂದಳು. ಇನ್ನು ಅಲ್ಲಿಂದ ಫೋನ್ ಬರುವುದಿಲ್ಲ.