ತೀರ್ಥಕ್ಕೆ ಮೈ ಒದರಿದ ಕುರಿ

ತೊಣ್ಣೂರು
12-8-1996

ದೇವರಾಜಣ್ಣನಿಗೆ ತಂಗಿ ಚಿಕ್ಕತಾಯಿ ಮಾಡುವ ನಮಸ್ಕಾರ.

ಭಾನುವಾರ ಕಿಕ್ಕೇರಿಗೆ ನಿನ್ನ ಟೆಂಪೋ ಕಳಿಸಬೇಡ. ಅಲ್ಲೊಬ್ಬ ಎಂಟು ಕುರಿಗಳನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ನಮ್ಮ ಮಾವನ ಬೆನ್ನು ಬಿದ್ದಿದ್ದಾನೆ. ನಾನೂ ಹೋಗಿ ನೋಡಿದೆ. ಎಲ್ಲಕ್ಕೂ ಮೂಗು ಸುರಿಯುತ್ತಿದೆ, ಕೆಮ್ಮು ಬೇರೆ. ಮುಟ್ಟಿದರೆ ಮೈ ಸುಡುತ್ತದೆ.

ಬೇಡವೆಂದೆ. ಮಾವ, "ದೇವ್ರನ್ನೇ ಕೇಳ್ಬುಡವ" ಎಂದು ಒಂದು ಕುರಿಯ ಮೇಲೆ ತೀರ್ಥ ಚಿಮುಕಿಸಿದರು. ಅದು ಮೈ ಒದರಿತು. "ದೇವ್ರೇ ಒಪ್ಕಂಡವ್ನೆ ಕನವ್ವ, ಇನ್ನು ನಿಂದೇನು?" ಎಂದರು.

"ಅದು ಜರ ಬಂದು ನಡುಗ್ತಾ ಅದೆ ಮಾವ" ಎಂದರೆ ಕೇಳುವವರು ಯಾರು? ಹರಕೆಯ ಕುರಿ ಮೈ ಒದರಿದರೆ ದೇವರು ಒಪ್ಪಿದ ಎನ್ನುತ್ತೇವೆ, ಸರಿ. ಕೊಳ್ಳುವ ಕುರಿಗೂ ಅದೇ ಶಾಸ್ತ್ರವೇ? ಮನೆಗೆ ಬಂದವಳೇ ನಮ್ಮ ಗಬ್ಬದ ಕುರಿಯ ಮೇಲೆ ಒಂದು ಚೊಂಬು ನೀರು ಸುರಿದು ತೋರಿಸಿದೆ. ಅದೂ ಒದರಿತು. "ದೇವ್ರ ಕೂಡೆ ಆಟ ಆಡ್ತೀಯಾ?" ಎಂದು ಬೈಸಿಕೊಂಡೆ. ನಮ್ಮ ಯಜಮಾನರು ತಲೆ ಎತ್ತದೆ ಮುದ್ದೆ ನುಂಗುತ್ತಿದ್ದರು.

ಕೊಟ್ಟಿಗೆಯಲ್ಲಿರುವ ಐದು ಕುರಿ ನಾನು ಮೇಯಿಸಿ ಸಾಕಿದವು. ಆ ಕಾಯಿಲೆ ಒಳಗೆ ಬಂದರೆ ಒಂದೂ ಉಳಿಯುವುದಿಲ್ಲ. ಮಾವ ಕೇಳಿದರೆ ಟೆಂಪೋ ಕೆಟ್ಟಿದೆ ಎಂದುಬಿಡು. ಸುಳ್ಳಿನ ಪಾಪ ನನಗಿರಲಿ.

ನನ್ನ ಮದುವೆಗೆ ಮುಂಚೆ ನೀನೂ ಗುಡಿಗೆ ಹೋಗಿ, ದೇವರ ಬಲಗಡೆಯ ಹೂ ಬಿತ್ತೆಂದು ಒಪ್ಪಿ ಬಂದಿದ್ದೆ. ಅವತ್ತು ನನ್ನನ್ನು ಕೇಳಲಿಲ್ಲ. ಇವತ್ತು ಕೇಳದಿದ್ದರೂ ಹೇಳುತ್ತಿದ್ದೇನೆ, ಟೆಂಪೋ ಕಳಿಸಬೇಡ.

ನಿನ್ನ ತಂಗಿ,
ಚಿಕ್ಕತಾಯಿ